ಬೆಣ್ಣೆ, ಸುಣ್ಣ

ನಾಟಿಂಗ್‌ಹ್ಯಾಮಿನ ನಲ್ಲಿಗಳಲ್ಲಿ ಗಡಸು ನೀರು.
ವಿಭಾಗದ ಕೆಟಲ್ಲಿನ ತಳಕ್ಕೆ ಬಿಳಿ ಹಕ್ಕಳೆ,
ಚಹಾದ ಮೇಲೆ ಕೆನೆಯಂಥದೇನೋ, ಕೆನೆಯಲ್ಲ.
ಸುಣ್ಣ, ಎನ್ನುತ್ತೇನೆ ನಾನು.
ಕ್ಯಾಲ್ಸಿಯಂ, ಎನ್ನುತ್ತಾಳೆ ಇಫೆಯೋಮಾ,
ಕೆಳಗಿನ ಲ್ಯಾಬಿನಿಂದ ಅಂಕಿಗಳನ್ನು ಹೊತ್ತು ತರುವವಳು.
ಅದನ್ನೇ ಕುಡಿದು, ಅದರದೇ ಲೆಕ್ಕಕ್ಕೆ ಕೂರುತ್ತೇವೆ.

ಕೋಶ ಮೂವತ್ತೊಂದು.
ಗಂಡಸು, ಐವತ್ತೆಂಟು. ಗೊತ್ತಿರುವುದು ಇಷ್ಟು.
ಬೈಪಾಸ್ ಮಾಡುವಾಗ ಕತ್ತರಿಸಿ ಎಸೆಯಬೇಕಿದ್ದ
ಹೆಬ್ಬೆರಳುಗುರಿನಷ್ಟು ಹೃದಯದ ಚೂರು.
ಒಪ್ಪಿ ಸಹಿ ಹಾಕಿದ್ದಾನಂತೆ; ಆ ಸಹಿ ನಾನು ನೋಡುವಂತಿಲ್ಲ.
ಅವಳು ಅದನ್ನು ನೆನೆಸಿ, ಎಳೆಎಳೆ ಬಿಡಿಸಿ,
ಒಂದೇ ಒಂದು ಕೋಶವನ್ನು ಗಾಜಿನ ಮೇಲೆ ಮಲಗಿಸಿ
ಸೆಕೆಂಡಿಗೊಮ್ಮೆ ಮಿಂಚಿನಿಂದ ತಿವಿದಳು.

ಹನ್ನೊಂದು ನಿಮಿಷ ಬದುಕಿತು.
ತಿವಿದಾಗಲೆಲ್ಲ ಒಳಗೆ ಹಸಿರು ಬೆಳಕು:
ಹಗೇವಿನ ಬಾಯಿ ತೆರೆದು, ಸುಣ್ಣ ಹೊರಗೆ ಚೆಲ್ಲಿ,
ಕೋಶ ಮೈ ಮುದುಡಿ,
ಮತ್ತೆ ಚೆಲ್ಲಿದ್ದನ್ನೆಲ್ಲ ಬಳಿದು ಒಳಗೆ ತುಂಬಿ.
ನಾಲ್ಕನೆಯ ನಿಮಿಷ ವೇಗ ಹೆಚ್ಚಿಸಿದಳು.
ಒಂದು ಮಿಡಿತ ಜೋರು, ಒಂದು ಸಣ್ಣದು,
ಜೋರು, ಸಣ್ಣದು,
ಒಂದಕ್ಕೆ ಬೆಣ್ಣೆ, ಒಂದಕ್ಕೆ ಸುಣ್ಣ.
ಇಲ್ಲ, ಗಾದೆ ಇಲ್ಲಿ ಹೊಂದುವುದಿಲ್ಲ.
ಎರಡಕ್ಕೂ ಸುಣ್ಣವೇ. ಒಂದಕ್ಕೆ ಜಾಸ್ತಿ.

ಗದಗಿನ ಶಾಲೆಯಲ್ಲಿ ಜಂಬಗಿ ಮಾಸ್ತರು
ಪ್ರಸ್ತಾರ ಹಾಕಿಸುತ್ತಿದ್ದರು. ಗುರುವಿಗೆ ಗೀಟು, ಲಘುವಿಗೆ ಬಟ್ಟಲು,
ಮಾತ್ರೆ ತಪ್ಪಿದರೆ ಬೆರಳ ಗೆಣ್ಣಿಗೆ ಪಟ್ಟಿ.
‘ಎಡವಿದ ಕಡೆ ಏನು ಹುಡುಕತಿ?
ಅದರ ಹಿಂದಿನ ಗಣ ನೋಡು.’
ಮೂವತ್ತು ವರ್ಷ ಬಿಟ್ಟು ಅದೇ ನನ್ನ ಸಮೀಕರಣ:
ಈ ಮಿಡಿತದಲ್ಲಿ ಹಗೇವು ಎಷ್ಟು ಬರಿದಾಯಿತೋ
ಮುಂದಿನದು ಅಷ್ಟು ಬಡವ.

ಬಾಗಿಲುಗಳು ಲಕ್ಷಗಟ್ಟಲೆ,
ಒಂದೊಂದೂ ತನ್ನ ದಾಳ ತಾನೇ ಉರುಳಿಸುವಂಥದು.
ಮೊದಲು ನಾನು ಸರಾಸರಿ ತೆಗೆದೆ.
ಮೂರು ತಿಂಗಳು ನುಣುಪಾದ ರೇಖೆ,
ಸಾಯಲಾರದ, ಅದಕ್ಕೇ ಸುಳ್ಳಾದ ಹೃದಯ.
ಇಫೆಯೋಮಾ ಬಗ್ಗಿ ನೋಡಿದಳು: ಚೆಂದ ಇದೆ.
ಯಾರದು?

ಎಲ್ಲ ಅಳಿಸಿ, ಬಾಗಿಲುಗಳನ್ನು ಬಿಡಿಬಿಡಿಯಾಗಿ ಬರೆದೆ.
ಮುಚ್ಚಿಕೊಂಡಂತೆ ನಟಿಸಿ ಸೋರುವವು, ನೂರಕ್ಕೆ ಮೂರು.
ಸೋರಿದ್ದು ನೆರೆಯ ಬಾಗಿಲು ತಟ್ಟುತ್ತದೆ.
ಒಂದು ಕಿಡಿ. ಪಕ್ಕದಲ್ಲಿ ಕಿಡಿ. ಆಮೇಲೆ
ಯಾರೂ ಕರೆಯದೆ ಎದ್ದುಬಂದ ಅಲೆ.
ಮಂಗಳವಾರ, ಫೆಬ್ರವರಿಯ ಐದೂಮುಕ್ಕಾಲರ ಕತ್ತಲಲ್ಲಿ
ಪರದೆಯ ಮೇಲೆ ಜೋರು, ಸಣ್ಣದು, ಜೋರು, ಸಣ್ಣದು,
ನಡುವೆ ಯಾವ ಗಣಕ್ಕೂ ಸೇರದ ಒಂದು.
ಚಪ್ಪಾಳೆ ತಟ್ಟಿಬಿಟ್ಟೆ, ಒಬ್ಬಳೇ.
ಕೈ ಇಳಿಸಿದ ಮೇಲೆ ನಾಚಿಕೆ:
ಕಾಯಿಲೆ ಬಂತೆಂದು ಹಿಗ್ಗಿದವಳು ನಾನು.

ಬೀಸ್ಟನ್ ಕಡೆಯ ಟ್ರಾಮು. ಎದುರು ಸೀಟಿನಲ್ಲಿ
ಐವತ್ತೆಂಟಿರಬಹುದಾದ ಒಬ್ಬ,
ಎದೆಯೊಳಗೆ ಹೊಲಿಗೆ ಇದ್ದವನ ಹಾಗೆ
ಕೋಟಿನ ಗುಂಡಿ ಮೆಲ್ಲಗೆ ಬಿಚ್ಚುತ್ತಿದ್ದ.
ಔಷಧಿ ಅಂಗಡಿಯ ಚೀಲದಿಂದ ಅಂಗೈಗೆ ಮಾತ್ರೆ ಎರಡು,
ಒಂದು ದೊಡ್ಡದು, ಒಂದು ಸಣ್ಣದು.
ಗೀಟು, ಬಟ್ಟಲು, ಎಂದುಕೊಂಡೆ, ಮಾಸ್ತರು ಬಿಟ್ಟರಲ್ಲ!

ಅವನೇ ಇರಬೇಕೆಂದೇನಿಲ್ಲ.
ಊರಿನಲ್ಲಿ ಅಂಥವರು ಎಷ್ಟೋ.
ಅಯ್ಯಾ, ನಿಮ್ಮದೊಂದು ಕೋಶ ನನ್ನ ಮೇಜಿನ ಮೇಲೆ
ಈಗಲೂ ಮಿಡಿಯುತ್ತಿದೆ, ನಿಲ್ಲಿಸದೇ ಬಂದಿದ್ದೇನೆ
ಎಂದರೆ ಏನು ತಿಳಿದಾನು?
ಬಾಟಲಿ ತೆರೆದ, ನಲ್ಲಿಯ ನೀರೇ ಇರಬೇಕು,
ಎರಡನ್ನೂ ಒಟ್ಟಿಗೆ ನುಂಗಿ ಕಿಟಕಿಯತ್ತ ತಿರುಗಿದ.

ತಿರುವಿನಲ್ಲಿ ಟ್ರಾಮು ಕಿರುಗುಟ್ಟಿತು.
ನಾನು ನನ್ನ ಮಣಿಕಟ್ಟು ಹಿಡಿದು ಎಣಿಸತೊಡಗಿದ್ದೆ,
ಹದಿನೇಳೋ ಹದಿನೆಂಟೋ ಮರೆತು,
ಮತ್ತೆ ಒಂದರಿಂದ.